ನರಿಮುಖದ ನಾಣ್ಯ

ಸತ್ತ ಗಂಡನ ಹಣೆಗೆ ಅವಳು ಅಂಟಿಸಿದ್ದು ಒಂದು ರೂಪಾಯಿಯನ್ನಲ್ಲ, ಅವನ ಸಂಗ್ರಹದಲ್ಲೇ ದುಬಾರಿಯಾದ ಬೆಳ್ಳಿಯ ಸ್ಮಾರಕ ನಾಣ್ಯವನ್ನು. ಈಜಿಪ್ಟಿನ ನರಿಮುಖದ ದೇವರು ಸತ್ತವನ ಹೃದಯವನ್ನು ತಕ್ಕಡಿಯಲ್ಲಿಟ್ಟು ಒಂದು ಗರಿಯೆದುರು ತೂಗುತ್ತಿರುವ ಚಿತ್ರ ಅದರ ಮೇಲಿತ್ತು.

ತಮ್ಮನು ಜಾತಿ ಬಿಟ್ಟು ಇವಳನ್ನು ಕಟ್ಟಿಕೊಂಡಂದಿನಿಂದ ಅತ್ತ ಸುಳಿಯದಿದ್ದ ಗಂಡನ ಅಣ್ಣ ನೇರ ಸ್ಮಶಾನಕ್ಕೇ ಬಂದ.

"ತೆಗಿಯೇ ಅದನ್ನ! ಲಕ್ಷ ಬಾಳೋ ಮಾಲು. ನನ್ನ ತಮ್ಮಂದು, ನಮಗೆ ಸೇರಬೇಕು."

"ಹಣೆ ಮೇಲಿನ ಕಾಸು ಗುಂಡಿ ತೋಡಿದವರಿಗೆ ಅಲ್ವಾ ಭಾವ? ನಿಮ್ಮ ಮನೆ ಪದ್ಧತಿನೇ ತಾನೆ?"

ಅವನು ನಕ್ಕ. "ಸರಿ, ಕರಿ ಅವನನ್ನ. ಐನೂರು ಬಿಸಾಕಿದ್ರೆ ಅವನೇ ತಂದು ಕೊಡ್ತಾನೆ."

"ಅವನು ಬರಲಿಲ್ಲ. ಜಾತಿ ಕೆಟ್ಟವನ ಗುಂಡಿಗೆ ಯಾರೂ ಗುದ್ದಲಿ ಮುಟ್ಟಬಾರದು ಅಂತ ಬೆಳಿಗ್ಗೆನೇ ಊರಿಗೆಲ್ಲ ಹೇಳಿ ಕಳಿಸಿದ್ರಲ್ಲ ನೀವು."

"ಮತ್ತೆ ಈ ಗುಂಡಿ ತೋಡಿದ್ದು ಯಾರು?"

ಬೊಬ್ಬೆಯೊಡೆದು ಮಣ್ಣು ಮೆತ್ತಿದ್ದ ಎರಡೂ ಅಂಗೈಗಳನ್ನು ಅವಳು ಅವನ ಮುಖದೆದುರು ಹಿಡಿದಳು. ಆಮೇಲೆ ಗಂಡನ ಹಣೆಯಿಂದ ನಾಣ್ಯ ಬಿಡಿಸಿ ಸೆರಗಿಗೆ ಗಂಟು ಹಾಕಿಕೊಂಡಳು.