ಅಪ್ಪನ ಕಾರು ಹೊರಟ ಮಧ್ಯಾಹ್ನ

ಹಳೇ ಕಾರಿನ ರೆಕ್ಸಿನ್ ಸೀಟಿನ ವಾಸನೆ ಬಂದರೆ ನನಗೆ ಈಗಲೂ ಬಿಟ್ಟಂಗಾಲದ ತೋಟದ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ತೀರಿಕೊಂಡು ತಿಂಗಳಾಗಿತ್ತು. ಶೆಡ್ಡಿನಲ್ಲಿದ್ದ ಅವರ ಕಾರನ್ನು ಅಲ್ಲಿಂದೀಚೆಗೆ ಯಾರೂ ಮುಟ್ಟಿರಲಿಲ್ಲ. ಆ ದಿನ ತುಂಬು ಬಸುರಿ ಅವ್ವನಿಗೆ ನೋವು ಶುರುವಾಯಿತು. ಲಾರಿ ಓಡಿಸಿ ಗೊತ್ತಿದ್ದ ಸೋದರಮಾವ ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ತಾನು ಮುಂದೆ ಹತ್ತಿದ. ಸ್ಟೇರಿಂಗ್ ಅಲ್ಲಾಡಲಿಲ್ಲ, ಕೀ ತಿರುಗಲಿಲ್ಲ. ಅವನು ಬೆವರುತ್ತಾ ಕೀಯನ್ನು ಬಲವಾಗಿ ತಿರುಚತೊಡಗಿದ.

"ಮುರೀಬೇಡ ಕಣೋ," ಎಂದಳು ಅವ್ವ, ಹಲ್ಲು ಕಚ್ಚಿಕೊಂಡು. "ಸ್ಟೇರಿಂಗನ್ನ ಸ್ವಲ್ಪ ಎಡಕ್ಕೆ ಎಳೆದು ಹಿಡ್ಕೊ, ಹಾಗೇ ಕೀ ತಿರುಗಿಸು. ಅವರು ಹಾಗೇ ಮಾಡ್ತಿದ್ರು."

ಲಾಕ್ ಟಕ್ಕೆಂದು ಬಿಟ್ಟುಕೊಂಡಿತು. ಆದರೆ ಬ್ಯಾಟರಿ ಸತ್ತಿತ್ತು. ಕಾಫಿ ಕೊಯ್ಯುತ್ತಿದ್ದ ಲೈನ್ ಮನೆಗಳ ಕೂಲಿ ಹೆಂಗಸರು ಓಡಿಬಂದು ಇಳಿಜಾರಿನ ತನಕ ತಳ್ಳಿದರು. ನಾನೂ ಕೈ ಕೊಟ್ಟೆ. ಇಂಜಿನ್ ಗುರ್ರೆಂದಾಗ ಎಲ್ಲರೂ ಖುಷಿಯಿಂದ ಕೂಗಿದರು. ನನಗೆ ಏನೂ ಅನ್ನಿಸಲಿಲ್ಲ. ಓಡಿಹೋಗಿ ಅವ್ವನ ಪಕ್ಕ ಕೂತೆ.

ವಿರಾಜಪೇಟೆಯ ಆಸ್ಪತ್ರೆ ಮುಟ್ಟಿದ ಗಂಟೆಯೊಳಗೆ ತಮ್ಮ ಹುಟ್ಟಿದ. ಮಾವ ಮಗುವನ್ನು ಅವ್ವನ ಮುಖದ ಹತ್ತಿರ ತಂದು, "ನೋಡಕ್ಕ, ಥೇಟ್ ಭಾವನ ಮೂಗು," ಎಂದ.

"ಹೌದಾ," ಎಂದಳು ಅವ್ವ, ಗೋಡೆಯ ಕಡೆಗೇ ನೋಡುತ್ತಾ. "ಕಾರನ್ನ ನೆರಳಲ್ಲಿ ನಿಲ್ಲಿಸಿದೀಯಾ?"