ಮನೆ ನೋಡಲು ಬಂದವರು

ಬಾಗಿಲು ತಟ್ಟಿದ ಸದ್ದಿಗೆ ಜೀವನ್ ಒದ್ದೆ ಚೂಡಿದಾರ ಹಿಂಡುವುದನ್ನು ಅರ್ಧಕ್ಕೇ ನಿಲ್ಲಿಸಿದ. ಹೆಂಡತಿ ಬಿಂದುಶ್ರೀ ಮನೆಯಲ್ಲಿರಲಿಲ್ಲ. ಗೆಳತಿಯ ಮಗುವಿನ ನಾಮಕರಣಕ್ಕೆಂದು ಮಾರೇನಹಳ್ಳಿಗೆ ಹೋಗಿದ್ದಳು. ಅವಳ ಕಾರ್ಖಾನೆಯವರು ಸರಿಯಾಗಿ ಈ ಹೊತ್ತು ನೋಡಿಕೊಂಡೇ ಬಂದಿದ್ದಾರೆ ಎಂದುಕೊಂಡು, ಲುಂಗಿ ಇಳಿಬಿಟ್ಟು ಬಾಗಿಲು ತೆಗೆದ.

ಹೊರಗೆ ಅರವತ್ತರ ಆಸುಪಾಸಿನ ಒಬ್ಬರು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಗಂಟಿಕ್ಕಿದ ಹುಬ್ಬು. ಎರಡು ಮಹಡಿ ಹತ್ತಿದ ಏದುಸಿರು.

"ಬಿಂದುಶ್ರೀ ಇರೋ ಮನೆ ಇದೇನಾ?"

"ಹೌದು ಸಾರ್, ಬನ್ನಿ. ಇವತ್ತಲ್ಲ ನಾಳೆ ನೀವು ಬಂದೇ ಬರ್ತೀರಿ ಅಂತಿದ್ಲು ಅವಳು."

ಬಂದವರು ಹೊಸ್ತಿಲ ಮೇಲೇ ನಿಂತುಬಿಟ್ಟರು. "ಹಂಗಂದ್ಲಾ?"

"ದಿನಾ ಅದೇ ಮಾತು ಸಾರ್."

ಅವರು ಚಪ್ಪಲಿ ಬಿಡುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು.

ಬಿಂದು ಕೆಲಸ ಮಾಡುವ ಕಾರ್ಖಾನೆಯಲ್ಲಿ, ಹೊಸದಾಗಿ ಮದುವೆಯಾಗಿ ಬಾಡಿಗೆ ಮನೆ ಹಿಡಿದ ನೌಕರರಿಗೆ ಎರಡು ವರ್ಷ ಅರ್ಧ ಬಾಡಿಗೆ ಕೊಡುತ್ತಿದ್ದರು. ಷರತ್ತು ಒಂದೇ: ಗಂಡ ಹೆಂಡತಿ ಒಂದೇ ಸೂರಿನಡಿ ಬಾಳಬೇಕು. ಹಿಂದೆ ಯಾರೋ ಒಂದು ಜೋಡಿ ತಂತಮ್ಮ ಹೆತ್ತವರ ಮನೆಯಲ್ಲೇ ಇದ್ದುಕೊಂಡು ನೆರವು ಪಡೆದಿತ್ತಂತೆ. ಅಂದಿನಿಂದ ಹೇಳದೆ ಕೇಳದೆ ಬಂದು ಮನೆ ನೋಡುವ ಪದ್ಧತಿ. ಈ ನೆರವು ಸಿಗದಿದ್ದರೆ ಬಾಪೂಜಿ ನಗರದ ಈ ಮನೆ ಬಿಡಲೇಬೇಕು. ಜೀವನ್‌ಗೆ ಫ್ರಿಜ್ ರಿಪೇರಿಯೇ ಕಸುಬು. ಚಳಿಗಾಲದಲ್ಲಿ ಫ್ರಿಜ್ಜುಗಳು ಕೆಡುವುದೂ ಕಡಿಮೆ.

"ಬಿಂದು ಹೊರಗಡೆ ಹೋಗಿದಾಳೆ. ಫೋನ್ ಮಾಡ್ಲಾ ಸಾರ್?"

"ಬೇಡ. ಅವಳಿಲ್ದೇ ಇದ್ದದ್ದೇ ಒಳ್ಳೇದಾಯ್ತು. ಮೊದಲು ಮನೆ ನೋಡ್ತೀನಿ."

ಒಬ್ಬನನ್ನೇ ಕೂರಿಸಿಕೊಂಡು ಕೇಳಿದರೆ ಸುಳ್ಳು ಬೇಗ ಸಿಕ್ಕಿಬೀಳುತ್ತದೆ ಎಂಬುದು ಇವರ ಲೆಕ್ಕಾಚಾರವಿರಬೇಕು ಎಂದುಕೊಂಡ ಜೀವನ್. ಹೇಳಲು ತನ್ನಲ್ಲಿ ಯಾವ ಸುಳ್ಳೂ ಇರಲಿಲ್ಲ. ಆದರೂ ಲುಂಗಿಗೆ ಕೈ ಒರೆಸಿಕೊಳ್ಳುತ್ತ ಅವರ ಹಿಂದೆಯೇ ನಡೆದ.

ಅವರ ಕಣ್ಣು ಬಕೆಟ್ಟಿನಲ್ಲಿದ್ದ ಹೆಂಗಸರ ಬಟ್ಟೆಗಳ ಮೇಲೆ ನಿಂತಿತು. "ನೀವೇ ಒಗೀತೀರಾ?"

"ಭಾನುವಾರ ನಾನು ಸಾರ್. ವಾರವೆಲ್ಲ ನಿಂತ್ಕೊಂಡೇ ಕೆಲಸ ಅವಳಿಗೆ."

"ನೀರು ಮೇಲಕ್ಕೆ ಬರುತ್ತಾ? ಅವಳು ಕೆಳಗಿಂದ ಹೊರಬೇಕಾ?"

"ಬರದಿದ್ದ ದಿನ ನಾನೇ ತರ್ತೀನಿ."

ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳವನ್ನೂ ಎತ್ತಿ ನೋಡಿದರು. ಜೀವನ್ ದಂಗಾದ. ತನಿಖೆ ಅಂದರೆ ಇಷ್ಟೊಂದೇ?

"ಹುಳಿಗೆ ಬದನೆಕಾಯಿ ಹಾಕಿಲ್ವಲ್ಲ."

"ಅವಳಿಗೆ ಅದು ಆಗಲ್ಲ ಸಾರ್. ಮೈಯೆಲ್ಲ ಕಡಿತ ಬರುತ್ತೆ. ಅದಕ್ಕೇ ನಾನೂ ಬಿಟ್ಟೆ."

"ಹ್ಞೂಂ," ಎಂದರು. ಸರಿಯುತ್ತರಕ್ಕೆ ಅಂಕ ಕೊಡುವ ಮೇಷ್ಟರ ಧಾಟಿಯಲ್ಲಿತ್ತು ಅದು. ಜೀವನ್‌ಗೆ ಕೊಂಚ ಧೈರ್ಯ ಬಂತು.

ಅದು ಉಳಿದದ್ದು ಗೋಡೆಯ ಮೇಲಿನ ಮದುವೆ ಫೋಟೋ ಮುಂದೆ ನಿಲ್ಲುವವರೆಗೆ ಮಾತ್ರ. ಅವರು ಅದನ್ನು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಹುಡುಗಿ ಕಡೆಯೋರು ಒಬ್ಬರೂ ಇಲ್ಲ ಇದ್ರಲ್ಲಿ."

ಸಿಕ್ಕಿಬಿದ್ದೆ ಎಂದುಕೊಂಡ ಜೀವನ್. ನೆರವಿಗಾಗಿ ಹೂಡಿದ ನಾಟಕದ ಮದುವೆ ಎಂದು ಇವರು ಭಾವಿಸಿದರೆ ಕತೆ ಮುಗಿಯಿತು. ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ.

"ಅವರಿಗೆ ಒಪ್ಪಿಗೆ ಇರ್ಲಿಲ್ಲ ಸಾರ್. ನಾನು ಅವರ ಜನ ಅಲ್ಲ. ನಾನಿನ್ನೂ ಅವರ ಮನೆ ಮೆಟ್ಟಿಲೂ ತುಳಿದಿಲ್ಲ."

"ಅವರನ್ನ ಬೈಕೋತೀರಾ ಇಬ್ಬರೂ?"

"ಒಂದ್ಸಲ ಬೈದೆ. ಅವಳು ಎರಡು ದಿನ ಮಾತು ಬಿಟ್ಲು. ಆಮೇಲೆ ಆ ಸುದ್ದಿಗೇ ಹೋಗಿಲ್ಲ."

ಅವರ ಮೀಸೆಯಂಚಿನಲ್ಲಿ ಏನೋ ಅಲುಗಿತು. ನಗುವೋ ಏನೋ, ಜೀವನ್‌ಗೆ ತಿಳಿಯಲಿಲ್ಲ.

"ಜಗಳ ಆದ್ರೆ ಮೊದ್ಲು ಯಾರಪ್ಪ ಮಾತಾಡ್ಸೋದು?"

ಇದು ಯಾವ ನಿಯಮದಲ್ಲಿದೆಯೋ! ಆದರೂ ನಿಜವನ್ನೇ ಹೇಳಿದ. "ನಾನೇ ಸಾರ್. ಅವಳು ಕಾಯ್ತಿರ್ತಾಳೆ, ಕೇಳಲ್ಲ ಅಷ್ಟೆ."

ಬಂದವರು ಕಿಟಕಿಯ ಕಡೆ ತಿರುಗಿ ಇನ್ನೊಮ್ಮೆ ಕನ್ನಡಕ ಒರೆಸಿಕೊಂಡರು. ಆಮೇಲೆ ಕುರ್ಚಿ ಎಳೆದುಕೊಂಡು, ಬಂದಾಗಿನಿಂದ ಮೊದಲ ಸಲ ಕುಳಿತರು. "ಒಂದು ಲೋಟ ಕಾಫಿ ಕೊಡು. ಅವಳು ಬರೋವರ್ಗೂ ಇರ್ತೀನಿ."

'ನೀವು' ಹೋಗಿ 'ನೀನು' ಯಾವಾಗ ಆಯಿತೆಂದು ಜೀವನ್ ಗಮನಿಸಲೇ ಇಲ್ಲ. ಪಾಸಾದೆ ಎನ್ನುವ ಖುಷಿಯಲ್ಲಿ ಸಕ್ಕರೆ ಒಂದು ಚಮಚ ಹೆಚ್ಚೇ ಹಾಕಿದ. ಲೋಟ ಅವರ ಕೈಗಿಡುವಷ್ಟರಲ್ಲಿ ಮತ್ತೆ ಬಾಗಿಲು ಬಡಿದ ಸದ್ದಾಯಿತು. ಬಿಂದು ಬೇಗ ಬಂದಳೆಂದು ಓಡಿಹೋಗಿ ತೆಗೆದ.

ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಯುವಕನೊಬ್ಬ ನಿಂತಿದ್ದ.

"ನಮಸ್ಕಾರ ಸಾರ್. ಮಹದೇವ್ ಅಂತ, ಬಿಂದುಶ್ರೀ ಮೇಡಂ ಫ್ಯಾಕ್ಟರಿಯಿಂದ. ಬಾಡಿಗೆ ನೆರವಿಗೆ ಮನೆ ನೋಡೋಕೆ ಬಂದೆ. ನೀವಿಬ್ರೂ ಇಲ್ಲೇ ಒಟ್ಟಿಗೆ ಇರೋದು ಅಂತ ಹೇಳೋಕೆ ಅಕ್ಕಪಕ್ಕದೋರು ಯಾರಾದ್ರೂ ಸಿಗ್ತಾರಾ?"

ಜೀವನ್ ಮೆಲ್ಲಗೆ ಹಿಂದಿರುಗಿ ನೋಡಿದ. ಕುರ್ಚಿಯಲ್ಲಿದ್ದವರು ಕಾಫಿ ಲೋಟ ಹಿಡಿದೇ ಎದ್ದು ಬಾಗಿಲಿಗೆ ಬಂದಿದ್ದರು.

"ಅಕ್ಕಪಕ್ಕದೋರು ಯಾಕಪ್ಪ, ಹುಡುಗಿ ಅಪ್ಪ ನಾನಿದೀನಲ್ಲ, ಒಟ್ಟಿಗೇ ಇದಾರೆ, ಚೆನ್ನಾಗಿದಾರೆ, ಬರ್ಕೋ."