ಕೊಂಡೋರಿಯ ವಿರುದ್ಧ ಒಂದು ದೂರು

"ಯಾವನೇ ಇವನು, ಈ ಕೊಂಡೋರಿ?"

ಡಾಕ್ಟರ್ ಉರಿಯೋಸ್ತೆ ಕೈಲಿದ್ದ ಪಟ್ಟಿಯನ್ನು ಕಿರಿಯ ಸಂಶೋಧಕಿ ರೊಸೆಂದಾಳ ಮೇಜಿನ ಮೇಲೆ ಬಿಸಾಡಿದರು. ಕೊಚಬಾಂಬಾದ ಆ ಸಂಶೋಧನಾ ಸಂಸ್ಥೆಗೆ ಹೊಸ ನಿರ್ದೇಶಕರು ಬೇಕಾಗಿದ್ದರು. ಯಾರ ಲೇಖನಗಳನ್ನು ಲೋಕದ ವಿಜ್ಞಾನಿಗಳು ಹೆಚ್ಚು ಸಲ ಉಲ್ಲೇಖಿಸಿದ್ದಾರೋ ಅವರಿಗೆ ಕುರ್ಚಿ. ವಿದೇಶದ ಗಣಕವೊಂದು ಎಣಿಸಿ ಕಳಿಸಿದ ಪಟ್ಟಿಯಲ್ಲಿ ಉರಿಯೋಸ್ತೆ ಎರಡನೆಯವರು, ಆರುನೂರ ನಲವತ್ತೊಂದು. ಮೊದಲನೆಯವನು ಜಿ. ಕೊಂಡೋರಿ, ಒಂಬೈನೂರ ಹನ್ನೆರಡು. ಡಾಕ್ಟರೋ ಕುರ್ಚಿಯ ಹಿಂದಿನ ಗೋಡೆಗೆಂದು ತಮ್ಮ ಭಾವಚಿತ್ರವನ್ನು ಆಗಲೇ ಬರೆಸಿಟ್ಟಿದ್ದರು.

"ಕೊಂಡೋರಿ ಅಂತೆ! ಸಂತೇಲಿ ಆಲೂಗಡ್ಡೆ ಮಾರೋರ ಹೆಸರು."

"ಈ ಊರಲ್ಲಿ ಕಲ್ಲು ಎಸೆದ್ರೆ ಯಾವನಾದ್ರೂ ಕೊಂಡೋರಿಗೇ ಬೀಳತ್ತೆ, ಡಾಕ್ಟರೇ." ರೊಸೆಂದಾ ಸೂಕ್ಷ್ಮದರ್ಶಕದಿಂದ ಕಣ್ಣೆತ್ತಲಿಲ್ಲ.

ಆ ಹೆಸರೆಂದರೆ ಡಾಕ್ಟರಿಗೆ ಮೊದಲಿನಿಂದಲೂ ಆಗದು. ಸಂತೆಯ ಬೀದಿಗೆ ಕಾಲಿಡದೆ ಅವರಿಗೆ ಮೂವತ್ತು ವರ್ಷವಾಗಿತ್ತು. ಓದುವುದೂ ಅವರಿಗೆ ಆಗದು. ಲ್ಯಾಬಿನಿಂದ ಹೊರಡುವ ಪ್ರತಿ ಲೇಖನಕ್ಕೂ ಅವರ ಸಹಿ ಬೇಕಿತ್ತು, ಸಹಿ ಹಾಕಲು ಕನ್ನಡಕ ಮಾತ್ರ ಬೇಕಿರಲಿಲ್ಲ. ಎರಡು ವರ್ಷದ ಹಿಂದೆ ಸಚಿವಾಲಯದಿಂದ ಬಂದ ಸುತ್ತೋಲೆಗೂ ಹಾಗೇ ಸಹಿ ಹಾಕಿದ್ದರು.

ಇವತ್ತು ಮಾತ್ರ ಕನ್ನಡಕ ಏರಿಸಿದರು. ಕೊಂಡೋರಿಯ ಲೇಖನಗಳ ಶೀರ್ಷಿಕೆಗಳನ್ನು ಓದಿದರು. ಎಲ್ಲವೂ ರಕ್ತ ಹೀರುವ ವಿಂಚೂಕಾ ತಿಗಣೆಯ ಮೇಲೆ, ಎಲ್ಲವೂ ಈ ಎರಡು ವರ್ಷದಲ್ಲಿ ಬಂದವು.

"ಇದು ನಮ್ಮ ಲ್ಯಾಬಿನ ತಿಗಣೆಗಳ ಮೇಲಿನ ಕೆಲಸ ಅಲ್ವೇನೇ!"

ರೊಸೆಂದಾ ಪಟ್ಟಿಯನ್ನು ಕೈಗೆತ್ತಿಕೊಂಡಳು. ಬಹಳ ಹೊತ್ತು ಅದನ್ನು ನೋಡಿದಳು, ಆಮೇಲೆ ಡಾಕ್ಟರನ್ನು ನೋಡಿದಳು.

"ಹೌದು. ಎಲ್ಲಾನೂ ನಾವು ಐದು ಜನ ಮಾಡಿದ್ದು."

"ಇವನು ಯಾವತ್ತಾದ್ರೂ ತಿಗಣೆ ಕೋಣೆಗೆ ಬಂದಿದ್ನಾ?"

"ಒಂದ್ಸಲನೂ ಇಲ್ಲ. ಲೇಖನ ಓದಿಯೂ ಇರಲಿಕ್ಕಿಲ್ಲ."

"ಮತ್ತೆ ಹೆಸರು ಹೇಗೆ ಬಂತು?"

"ಹಾಕಲೇಬೇಕು ಅಂತ ಮೇಲಿನವರ ಒತ್ತಾಯ, ಡಾಕ್ಟರೇ. ಹಾಕದಿದ್ರೆ ನಮ್ಮ ಕೆಲಸ ಹೋಗ್ತಿತ್ತು."

"ಯಾವನವನು ಮೇಲಿನವನು? ಅವನನ್ನೂ ಬಿಡಲ್ಲ!"

"ಬಿಡಬೇಡಿ," ಎಂದಳು ರೊಸೆಂದಾ. "ದೂರು ಕೊಡಿ."

ಕೊಟ್ಟರು. ನಮೂನೆಯಲ್ಲಿ ಹೆಸರಿನ ಜಾಗದಲ್ಲಿ ಗೊನ್ಸಾಲೊ, ತಂದೆಯ ಮನೆತನದ ಜಾಗದಲ್ಲಿ ಉರಿಯೋಸ್ತೆ ಎಂದು ತುಂಬಿ, ತಾಯಿಯ ಮನೆತನದ ಜಾಗವನ್ನು ಎಂದಿನಂತೆ ಖಾಲಿ ಬಿಟ್ಟರು. ಕೆಳಗೆ ಮನಸಾರೆ ಬರೆದರು: ಈತ ಒಂದು ತಿಗಣೆಯನ್ನೂ ಮುಟ್ಟಿಲ್ಲ, ಒಂದು ಸಾಲನ್ನೂ ಬರೆದಿಲ್ಲ, ಕಿರಿಯರ ಬೆವರಿನ ಮೇಲೆ ಹೆಸರು ಮಾಡಿದ್ದಾನೆ, ಈತನಿಗೆ ಯಾವ ಹುದ್ದೆಯನ್ನೂ ಕೊಡಕೂಡದು. ಜೀವಮಾನದಲ್ಲಿ ಅವರೇ ಕೂತು ಪೂರ್ತಿ ಬರೆದ ಬರಹ ಅದೊಂದೇ ಇರಬೇಕು. ಚೆನ್ನಾಗಿಯೇ ಬಂದಿತ್ತು.

ವಿಚಾರಣೆ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ. ಗೆದ್ದ ಮೇಲೆ ಹಂಚಲೆಂದು ಡಾಕ್ಟರು ನಾಲ್ಕು ಡಜನ್ ಸಾಲ್ತೆನ್ಯಾ ತರಿಸಿದ್ದರು, ಮಾಂಸದ ಬಿಸಿ ಕಡುಬಿನ ಘಮ ಸಭಾಂಗಣವನ್ನೆಲ್ಲ ತುಂಬಿತ್ತು. ವಿಚಾರಣಾ ಸಮಿತಿಯ ಅಧ್ಯಕ್ಷೆ ದೊನ್ಯಾ ಅಂಪಾರೊ ನಿವೃತ್ತ ನ್ಯಾಯಾಧೀಶೆ. ಐವರು ಕಿರಿಯರ ಹೇಳಿಕೆಗಳು ಆಗಲೇ ಅವರ ಮುಂದಿದ್ದವು.

"ಆ ಕಳ್ಳ ಬಂದಿದ್ದಾನಾ, ದೊನ್ಯಾ?"

"ಎಲ್ಲರಿಗಿಂತ ಮೊದಲೇ ಬಂದಿದ್ದಾರೆ."

ಡಾಕ್ಟರು ಸುತ್ತ ನೋಡಿದರು. ಕಂಡದ್ದು ತಮ್ಮದೇ ಲ್ಯಾಬಿನ ಐದು ಮುಖಗಳು. ರೊಸೆಂದಾ ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟವಿತ್ತು.

"ದೂರಿನಲ್ಲಿ ಒಂದು ಜಾಗ ಖಾಲಿ ಬಿಟ್ಟಿದ್ದೀರಿ. ಗುರುತಿನ ಚೀಟಿ ಕೊಡಿ, ನಾನೇ ತುಂಬ್ತೀನಿ," ಎಂದರು ದೊನ್ಯಾ. "ಎರಡು ವರ್ಷದಿಂದ ಲೇಖನಗಳಲ್ಲೂ ಚೀಟಿಯಲ್ಲಿರೋ ಪೂರ್ತಿ ಹೆಸರೇ ಇರಬೇಕು ಅಂತ ಸುತ್ತೋಲೆ ಇದೆ, ನೀವು ನೋಡಿರಲಿಕ್ಕಿಲ್ಲ. ಆ ವಿದೇಶದ ಗಣಕಕ್ಕೋ ತಾಯಿಯ ಮನೆತನವನ್ನ ಕೊನೇಲಿ ಬರೆಯೋ ನಮ್ಮ ಪದ್ಧತಿ ಗೊತ್ತಿಲ್ಲ, ಕಟ್ಟಕಡೆಯ ಹೆಸರನ್ನೇ ಹಿಡಿದು ಎಣಿಸತ್ತೆ."

ಡಾಕ್ಟರ ಕೈ ಜೇಬಿನಲ್ಲೇ ನಿಂತಿತು. ದೊನ್ಯಾ ಕಾಯಲಿಲ್ಲ. "ಇರಲಿ ಬಿಡಿ. ನಿಮ್ಮಮ್ಮನ ಹತ್ರ ನಾನು ಇಪ್ಪತ್ತು ವರ್ಷ ಆಲೂಗಡ್ಡೆ ತಗೊಂಡಿದ್ದೀನಿ, ಹೆಸರು ನೆನಪಿದೆ." ಖಾಲಿ ಜಾಗದಲ್ಲಿ ಒಂದೇ ಪದ ಬರೆದು, ತೀರ್ಪನ್ನು ಗಟ್ಟಿಯಾಗಿ ಓದಿದರು:

"ಗೊನ್ಸಾಲೊ ಉರಿಯೋಸ್ತೆ ಕೊಂಡೋರಿ ಅವರೇ, ನೀವು ಕೊಟ್ಟ ದೂರು ಅಕ್ಷರಶಃ ನಿಜವೆಂದು ಸಾಬೀತಾಗಿದೆ."